ಶಾಂತಿ ಸಭೆಯಲ್ಲಿ ಕೇರಿಯ ಮಾತು

ನಮ್ಮ ಹಳ್ಳಿಗಳಲ್ಲಿ ಶಾಂತಿ ಸಭೆ ಎಂಬುದೊಂದು ನಡೆಯುತ್ತದೆ. ಅದು ಯಾವಾಗ ನಡೆಯುತ್ತದೆ ಎಂದು ನಮಗೆಲ್ಲ ಗೊತ್ತು. ಕೇರಿಯ ಹುಡುಗನೊಬ್ಬ ಹೋಟ್ಲಿನ ಬೆಂಚಿನ ಮೇಲೆ ಕೂತ ಮೇಲೆ. ಕೇರಿಯ ಹೆಣ್ಣುಮಗಳೊಬ್ಬಳು ದೇವಸ್ಥಾನದ ಮೆಟ್ಟಿಲು ಹತ್ತಿದ ಮೇಲೆ. ಬಾಬಾಸಾಹೇಬರ ಪಟ ಹೊತ್ತ ಮೆರವಣಿಗೆ ಊರೊಳಗಿನ ಬೀದಿಗೆ ತಿರುಗಿದ ಮೇಲೆ. ಅದಕ್ಕಾಗಿ ಏಟು ಬಿದ್ದ ಮೇಲೆ, ಏಟು ತಿಂದವನು ಸರ್ಕಾರಿ ಆಸ್ಪತ್ರೆಯಲ್ಲಿ ಮಲಗಿದ ಮೇಲೆ, ಠಾಣೆಯಲ್ಲಿ ಕಂಪ್ಲೇಂಟು ದಾಖಲಾದ ಮೇಲೆ. ಹಬ್ಬದ ಮುಂಚೆ ಟೌನಿನ ಠಾಣೆಯಲ್ಲಿ ಕರೆಯುವ ಸಭೆಯ ಮಾತು ಬೇರೆ. ಕೇರಿಯ ವಿಷಯದಲ್ಲಿ ಏಟಿಗೆ ಮುಂಚೆ ಶಾಂತಿ ಸಭೆ ಕರೆದದ್ದನ್ನು ಕಂಡವರು ನಮ್ಮಲ್ಲಿ ಯಾರಾದರೂ ಇದ್ದರೆ ಕೈ ಎತ್ತಲಿ.

ಸಭೆಯ ಚಿತ್ರವೂ ನಮಗೆ ಗೊತ್ತು. ಶಾಲೆಯ ಜಗಲಿ, ಇಲ್ಲವೇ ಪಂಚಾಯ್ತಿ ಆಫೀಸಿನ ಮುಂದಿನ ಬಯಲು. ತಹಶೀಲ್ದಾರರು, ಸರ್ಕಲ್ ಇನ್ಸ್‌ಪೆಕ್ಟರು, ಪಂಚಾಯ್ತಿಯ ದೊಡ್ಡವರು ಕುರ್ಚಿ ಮೇಲೆ. ಊರಿನವರು ಮುಂದೆ. ಕೇರಿಯವರು ಹಿಂದೆ, ಮರದಡಿ, ಹೆಗಲ ಟವಲ್ಲು ಕಂಕುಳಲ್ಲಿ. ಹೆಂಗಸರು ಗೋಡೆಯ ಮರೆಯಲ್ಲಿ. ಮೊದಲ ಮಾತು ಯಾವಾಗಲೂ ಒಂದೇ: ‘ನಮ್ಮೂರಲ್ಲಿ ಎಲ್ಲಾ ಅಣ್ಣ ತಮ್ಮಂದಿರಂಗೆ ಇದ್ದೋ ಸಾರ್, ಯಾರೋ ಹೊರಗಿನೋರು ಬಂದು ಕೆಡಿಸಿದ್ರು.’ ಎರಡನೆಯ ಮಾತು ಸಾಹೇಬರದು: ‘ಎರಡೂ ಕಡೆಯೋರು ಸಮಾಧಾನವಾಗಿರಬೇಕು.’ ಮೂರನೆಯದು ಕೇರಿಯ ಹಿರಿಯರ ಕಡೆ ತಿರುಗಿ: ‘ನೀವೇ ಸ್ವಲ್ಪ ಅನುಸರಿಸ್ಕೊಂಡು ಹೋಗ್ರಪ್ಪ. ನಾಳೆ ಇದೇ ಊರಲ್ಲಿ ಬಾಳಬೇಕಲ್ಲ.’ ಆಮೇಲೆ ಒಂದು ಕಾಗದ ಬರುತ್ತದೆ. ಹೆಬ್ಬೆಟ್ಟು, ಸಹಿ. ಟೀ ಬಿಸ್ಕತ್ತು. ಜೀಪು ಹೊರಡುತ್ತದೆ. ಮರುದಿನ ಪತ್ರಿಕೆಯಲ್ಲಿ ‘ಪರಿಸ್ಥಿತಿ ಶಾಂತವಾಗಿದೆ’ ಎಂಬ ಮೂರು ಸಾಲು.

ಈ ಶಾಂತಿ ಯಾರದು? ಇದನ್ನು ಯಾರ ಕೈಯಿಂದ ಕಿತ್ತು ಯಾರಿಗೆ ಕೊಟ್ಟರು? ಇದು ನಾವು ಹಾಸ್ಟೆಲಿನಲ್ಲಿ ಕೂತು ಮಾತಾಡಬೇಕಾದ ಪ್ರಶ್ನೆ.

ಮೊದಲು ಭಾಷೆಯನ್ನೇ ನೋಡೋಣ. ಬಿ.ಎ. ಓದಿ ನಾವು ಕಲಿತದ್ದು ಇನ್ನೇನೂ ಇಲ್ಲದಿದ್ದರೂ ಒಂದು ಪದ ಯಾರ ಬಾಯಿಂದ ಬರುತ್ತದೆ ಎಂದು ಕೇಳುವುದನ್ನಾದರೂ ಕಲಿತಿರಬೇಕು. ಹತ್ತು ಜನ ಸೇರಿ ಒಬ್ಬನನ್ನು ಹೊಡೆದರೆ ಅದರ ಹೆಸರು ಹಲ್ಲೆ. ಸರ್ಕಾರಿ ಕಾಗದದಲ್ಲಿ ಅದು ‘ಗಲಾಟೆ’ಯಾಗುತ್ತದೆ. ಗಲಾಟೆ ಅಂದರೆ ಇಬ್ಬರೂ ಮಾಡಿದ್ದು. ಕೇರಿಗೆ ಬೆಂಕಿ ಇಟ್ಟರೆ ಅದು ‘ಎರಡು ಕೋಮಿನ ನಡುವಿನ ಘರ್ಷಣೆ’ಯಾಗುತ್ತದೆ. ಒಂದು ಕಡೆ ಸೀಮೆಎಣ್ಣೆ, ಇನ್ನೊಂದು ಕಡೆ ಸೋಗೆ ಗುಡಿಸಲು, ನಡುವೆ ಘರ್ಷಣೆ! ಪದ ಹೀಗೆ ಬದಲಾದ ಕೂಡಲೇ ‘ಎರಡೂ ಕಡೆಯವರು’ ಹುಟ್ಟುತ್ತಾರೆ. ಎರಡೂ ಕಡೆಯವರು ಹುಟ್ಟಿದ ಕೂಡಲೇ ರಾಜಿ ಹುಟ್ಟುತ್ತದೆ. ಕೇಸಿಗೆ ಪ್ರತಿಯಾಗಿ ಕೇಸು ಹಾಕುವುದು, ಆಮೇಲೆ ‘ನೀವೂ ವಾಪಸ್ ತಗೊಳ್ಳಿ, ಅವರೂ ವಾಪಸ್ ತಗೋತಾರೆ’ ಎನ್ನುವುದು, ಇದು ನಮ್ಮ ಸೀಮೆಯ ಹಳೆಯ ವ್ಯಾಪಾರ.

ಕಂಬಾಲಪಲ್ಲಿಯನ್ನು ನೆನೆಯೋಣ. ಆಗ ಕೋಲಾರ ಜಿಲ್ಲೆಗೆ ಸೇರಿದ್ದ ಚಿಂತಾಮಣಿ ತಾಲ್ಲೂಕಿನ ಹಳ್ಳಿ. 2000ನೇ ಇಸವಿ ಮಾರ್ಚ್ 11ರಂದು ಅಲ್ಲಿ ಏಳು ಜನ ದಲಿತರನ್ನು ಸುಟ್ಟು ಕೊಂದರು. ಮಂತ್ರಿಗಳು ಬಂದರು, ಪೊಲೀಸ್ ವ್ಯಾನು ನಿಂತಿತು, ಪರಿಹಾರ ಸಿಕ್ಕಿತು, ಊರು ‘ಶಾಂತ’ವಾಯಿತು. ಆಮೇಲೆ ಏನಾಯಿತು? ಕೋರ್ಟಿನಲ್ಲಿ ಸಾಕ್ಷಿಗಳು ತಿರುಗಿಬಿದ್ದರು. 2006ರಲ್ಲಿ ಆರೋಪಿಗಳೆಲ್ಲ ಖುಲಾಸೆಯಾದರು. 2014ರಲ್ಲಿ ಹೈಕೋರ್ಟು ಅದನ್ನೇ ಎತ್ತಿಹಿಡಿಯಿತು. ಏಳು ಹೆಣಗಳಿದ್ದವು, ಕೊಂದವರು ಯಾರೂ ಇರಲಿಲ್ಲ. ಸಾಕ್ಷಿ ಯಾಕೆ ತಿರುಗಿಬೀಳುತ್ತಾನೆ? ಅವನಿಗೆ ನಾಲಗೆ ಇಲ್ಲವೆಂದಲ್ಲ. ನಾಳೆ ಬೆಳಿಗ್ಗೆ ಅವನ ಹೆಂಡತಿ ಕೂಲಿಗೆ ಹೋಗಬೇಕಾದ ಹೊಲ, ಅವನ ದನ ನೀರು ಕುಡಿಯಬೇಕಾದ ಕೆರೆ, ಅವನ ಮಗು ನಡೆಯಬೇಕಾದ ದಾರಿ, ಎಲ್ಲವೂ ಕಟಕಟೆಯ ಆ ಕಡೆ ನಿಂತವರ ಕೈಯಲ್ಲಿವೆ. ಕೋರ್ಟು ಇರುವುದು ಟೌನಿನಲ್ಲಿ. ಹೊಲ ಇರುವುದು ಹಳ್ಳಿಯಲ್ಲಿ. ಹೀಗೆ ಬರುವ ಮೌನವನ್ನೇ ಶಾಂತಿ ಎಂದು ಕರೆದರೆ ಸ್ಮಶಾನಕ್ಕಿಂತ ಶಾಂತವಾದ ಊರು ಇನ್ನೊಂದಿಲ್ಲ.

ಹಾಗಾದರೆ ನಮಗೆ ಶಾಂತಿ ಬೇಡವೇ?

ಇಲ್ಲಿ ನಮ್ಮ ಗೆಳೆಯರಲ್ಲೇ ಒಂದು ವಾದ ಇದೆ. ಹಾಸ್ಟೆಲಿನ ರೂಮುಗಳಲ್ಲಿ ರಾತ್ರಿ ಊಟವಾದ ಮೇಲೆ ಅದು ಕೇಳಿಬರುತ್ತದೆ: ‘ಶಾಂತಿ ಅನ್ನೋದೇ ಅವರ ಪದ. ಶಾಂತಿ ಸಭೆಗೆ ಹೋಗೋದೇ ಗುಲಾಮಗಿರಿ. ಬಹಿಷ್ಕರಿಸಬೇಕು.’ ಈ ಸಿಟ್ಟು ನ್ಯಾಯವಾದದ್ದು. ಸಿಟ್ಟಿಲ್ಲದವನಿಗೆ ಈ ಪತ್ರಿಕೆಯಿಂದ ಏನೂ ಪ್ರಯೋಜನವಿಲ್ಲ. ಆದರೆ ಸಿಟ್ಟಿಗೂ ಲೆಕ್ಕ ಗೊತ್ತಿರಬೇಕು. ಹಾಸ್ಟೆಲಿನಲ್ಲಿ ಕೂಗಿದ ಘೋಷಣೆಗೆ ಬಿಲ್ಲು ಬರುವುದು ಕೇರಿಗೆ. ನಮಗೆ ಇಲ್ಲಿ ಮೆಸ್ಸಿನ ಊಟ ಎರಡು ಹೊತ್ತು ಬರುತ್ತದೆ. ಅಲ್ಲಿ ಊರಿನವರು ಕೂಲಿಗೆ ಕರೆಯುವುದು ನಿಲ್ಲಿಸಿದರೆ ಮೂರನೇ ದಿನಕ್ಕೆ ಒಲೆ ಉರಿಯುವುದಿಲ್ಲ. ಅಂಗಡಿಯವನು ಉಪ್ಪು ಕೊಡುವುದಿಲ್ಲ, ಗಿರಣಿಯವನು ರಾಗಿ ಬೀಸುವುದಿಲ್ಲ, ಆಟೋದವನು ಬಸುರಿಯನ್ನು ಹತ್ತಿಸಿಕೊಳ್ಳುವುದಿಲ್ಲ.

ಅಶಾಂತಿಯಾದಾಗ ಮೊದಲು ಸುಡುವುದು ಯಾರ ಮನೆ? ನಮ್ಮದು. ಮೊದಲು ಕೆಲಸ ಕಳೆದುಕೊಳ್ಳುವವರು ಯಾರು? ನಮ್ಮ ಅವ್ವಂದಿರು. ಮೊದಲು ಶಾಲೆ ಬಿಡುವವರು ಯಾರು? ನಮ್ಮ ತಂಗಿಯರು. ಆದ್ದರಿಂದ ಈ ನೆಲದಲ್ಲಿ ಶಾಂತಿಯ ಅಗತ್ಯ ಎಲ್ಲರಿಗಿಂತ ಹೆಚ್ಚು ಇರುವುದು ನಮಗೆ. ಶಾಂತಿ ಅವರ ಪದವಲ್ಲ. ಬುದ್ಧನ ಕಾಲದಿಂದ ಅದು ನಮ್ಮ ಪದ. ಅದನ್ನು ಅವರು ಕದ್ದು, ಅದರೊಳಗಿನ ನ್ಯಾಯವನ್ನು ತೆಗೆದು, ಬರೀ ಸಿಪ್ಪೆಯನ್ನು ನಮ್ಮ ಕೈಗೆ ಕೊಡುತ್ತಿದ್ದಾರೆ. ಸಿಪ್ಪೆಯನ್ನು ಎಸೆದು ಎದ್ದು ಬರುವುದು ಸುಲಭ. ಒಳಗಿನ ತಿರುಳು ಎಲ್ಲಿ ಎಂದು ಅದೇ ಸಭೆಯಲ್ಲಿ, ಅದೇ ಸಾಹೇಬರ ಮುಂದೆ, ಎದ್ದು ನಿಂತು ಕೇಳುವುದು ಕಷ್ಟ. ನಮ್ಮ ಅಭಿಪ್ರಾಯದಲ್ಲಿ ಆ ಕಷ್ಟದ ಕೆಲಸವನ್ನೇ ನಾವು ಮಾಡಬೇಕು.

ಇದನ್ನು ಬಾಬಾಸಾಹೇಬರು ಮಾಡಿ ತೋರಿಸಿದ್ದಾರೆ. ಮಹಾಡ್ ಎಂದ ಕೂಡಲೇ ನಾವು ಕೆರೆಯನ್ನು ನೆನೆಯುತ್ತೇವೆ. ಆದರೆ ಮಹಾಡದ ಕತೆ ಕೆರೆಯ ದಡದಲ್ಲಿ ಶುರುವಾಗಲಿಲ್ಲ. ಅದು ಶುರುವಾದದ್ದು ಸಭೆಗಳಲ್ಲಿ, ಠರಾವುಗಳಲ್ಲಿ. 1923ರ ಆಗಸ್ಟಿನಲ್ಲಿ ಮುಂಬೈ ಶಾಸನ ಪರಿಷತ್ತಿನಲ್ಲಿ ಎಸ್.ಕೆ. ಬೋಲೆ ಎಂಬ ಸದಸ್ಯರು ಸರ್ಕಾರದ ಹಣದಿಂದ ಕಟ್ಟಿದ, ನೋಡಿಕೊಳ್ಳುವ ಕೆರೆ ಬಾವಿ ಶಾಲೆ ಧರ್ಮಛತ್ರಗಳಿಗೆ ಅಸ್ಪೃಶ್ಯರಿಗೂ ಪ್ರವೇಶ ಇರಬೇಕೆಂಬ ಠರಾವು ಪಾಸು ಮಾಡಿಸಿದರು. ಅದರ ಮೇಲೆ 1924ರ ಜನವರಿಯಲ್ಲಿ ಮಹಾಡದ ಪುರಸಭೆ ಚವದಾರ್ ಕೆರೆ ಎಲ್ಲರದು ಎಂದು ತೀರ್ಮಾನ ಮಾಡಿತು. ಕಾಗದದ ಮೇಲೆ ಕೆರೆ ತೆರೆಯಿತು. ಮೂರು ವರ್ಷ ಯಾರೂ ನೀರಿಗೆ ಇಳಿಯಲಿಲ್ಲ. ಇಳಿಯಲು ಬಿಡಲಿಲ್ಲ. ಆಗಲೂ ಮಹಾಡ ಬಹಳ ‘ಶಾಂತ’ವಾದ ಊರೇ ಆಗಿತ್ತು!

1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರೊಂದಿಗೆ ನಡೆದು ಹೋಗಿ ಆ ನೀರು ಕುಡಿದರು. ಪುರಸಭೆಯೇ ಕೊಟ್ಟಿದ್ದ ಹಕ್ಕನ್ನು ಬಳಸಿಕೊಂಡರು, ಅಷ್ಟೆ. ಕೆಲ ಹೊತ್ತಿನಲ್ಲೇ ಊರಿನಲ್ಲಿ ಸುಳ್ಳು ಸುದ್ದಿ ಹಬ್ಬಿತು, ಇವರು ವೀರೇಶ್ವರ ದೇವಸ್ಥಾನಕ್ಕೂ ನುಗ್ಗುತ್ತಾರೆ ಎಂದು. ದೊಣ್ಣೆ ಹಿಡಿದವರು ಬಂದು ಊಟ ಮಾಡುತ್ತಿದ್ದವರನ್ನು, ಊರಿಗೆ ಹೊರಟವರನ್ನು ಹೊಡೆದರು. ನಮ್ಮ ಜನ ಕಡಿಮೆ ಇರಲಿಲ್ಲ. ಸೈನ್ಯದಲ್ಲಿ ದುಡಿದು ಬಂದವರೂ ಅವರಲ್ಲಿದ್ದರು. ಒಂದು ಮಾತು ಹೇಳಿ ಎಂದು ಬಾಬಾಸಾಹೇಬರ ಮುಂದೆ ನಿಂತರು. ಅವರು ಆ ಮಾತು ಹೇಳಲಿಲ್ಲ. ತಡೆದರು.

ಗೆಳೆಯರೇ, ಇಲ್ಲಿ ಒಂದು ನಿಮಿಷ ನಿಲ್ಲಿ. ತಡೆದದ್ದು ಹೆದರಿ ಅಲ್ಲ. ಶಾಂತಿ ಸಭೆಯ ಸಾಹೇಬರು ಹೇಳುವ ಹಾಗೆ ‘ಅನುಸರಿಸ್ಕೊಂಡು’ ಅಲ್ಲ. ತಡೆದ ಅದೇ ಮನುಷ್ಯ ಒಂದು ಹೆಜ್ಜೆಯನ್ನೂ ಹಿಂದೆ ಇಡಲಿಲ್ಲ. ಸವರ್ಣೀಯರು ಸೆಗಣಿ ಗಂಜಳ ಸುರಿದು ಕೆರೆಯನ್ನು ‘ಶುದ್ಧ’ ಮಾಡಿದರು. 1927ರ ಆಗಸ್ಟಿನಲ್ಲಿ ಪುರಸಭೆ ತನ್ನ ಹಳೆಯ ಠರಾವನ್ನು ತಾನೇ ರದ್ದು ಮಾಡಿತು. ಅದೇ ಡಿಸೆಂಬರಿನಲ್ಲಿ ಮತ್ತೆ ಮಹಾಡದಲ್ಲಿ ಜನ ಸೇರಿದರು. ಕೋರ್ಟಿನ ತಡೆಯಾಜ್ಞೆ ಬಂದಿತ್ತು, ಕೆರೆಗೆ ಇಳಿಯಲಿಲ್ಲ. ಆದರೆ 25ನೇ ತಾರೀಖು ಮನುಸ್ಮೃತಿಯನ್ನು ಸುಟ್ಟರು. ಆಮೇಲೆ ಕೇಸು ನಡೆಸಿದರು. ಹತ್ತು ವರ್ಷ ನಡೆಸಿದರು. 1937ರ ಮಾರ್ಚಿನಲ್ಲಿ ಮುಂಬೈ ಹೈಕೋರ್ಟು ಕೆರೆ ಎಲ್ಲರದು ಎಂದು ತೀರ್ಪು ಕೊಟ್ಟಿತು. ಕೈ ಎತ್ತದೆ ಇರುವುದು ಒಂದು. ಕೈ ಕಟ್ಟಿ ನಿಲ್ಲುವುದು ಇನ್ನೊಂದು. ಇವೆರಡೂ ದೂರದಿಂದ ಒಂದೇ ಥರ ಕಾಣುತ್ತವೆ, ಆದರೆ ಎರಡರ ನಡುವೆ ಚವದಾರ್ ಕೆರೆಯಷ್ಟು ಅಂತರವಿದೆ.

ಇನ್ನೊಂದು ಮಾತನ್ನೂ ಮಹಾಡದಿಂದ ಕಲಿಯಬೇಕು. ಅಲ್ಲಿ ನಮ್ಮ ಜೊತೆ ನಿಂತ ಸವರ್ಣೀಯರೂ ಇದ್ದರು. ಪುರಸಭೆಯ ಸುರೇಂದ್ರನಾಥ ಟಿಪ್ನಿಸ್, ಅನಂತರಾವ್ ಚಿತ್ರೆ, ಬ್ರಾಹ್ಮಣರಾದ ಸಹಸ್ರಬುದ್ಧೆ. ಮನುಸ್ಮೃತಿ ಸುಡುವ ಠರಾವು ಮಂಡಿಸಿದವರೇ ಸಹಸ್ರಬುದ್ಧೆ. ನಮ್ಮ ಹಳ್ಳಿಗಳಲ್ಲೂ ಹೊಡೆತ ಬೇಡ ಅನ್ನುವವರು, ಒಳಗೊಳಗೇ ನಾಚಿಕೆ ಪಡುವವರು ಒಬ್ಬಿಬ್ಬರು ಇರುತ್ತಾರೆ. ಒಬ್ಬ ಮೇಷ್ಟ್ರು, ಒಬ್ಬ ಸಣ್ಣ ರೈತ, ಕೇರಿಯ ಗೆಳತಿಯ ಜೊತೆ ಕಾಲೇಜಿಗೆ ಹೋಗುವ ಊರಿನ ಹುಡುಗಿ. ಇವರ ಬಾಯಿ ಬರುವುದು ಯಾವಾಗ? ನಾವು ಬಾಯಿ ಬಿಟ್ಟಾಗ. ನಾವೇ ಮರದಡಿ ನಿಂತು ಟವಲ್ಲು ಹಿಂಡುತ್ತಿದ್ದರೆ ಅವರು ಯಾರ ಪರವಾಗಿ ಮಾತಾಡಬೇಕು?

ಈಗ ನಮ್ಮ ಪಂಚಾಯ್ತಿಗೆ ಬರೋಣ. ಹಳ್ಳಿಯನ್ನು ಸ್ವರ್ಗವೆಂದು ಹಾಡಿದವರಿಗೆ ಬಾಬಾಸಾಹೇಬರು 1948ರ ನವೆಂಬರಿನಲ್ಲಿ ಸಂವಿಧಾನ ಸಭೆಯಲ್ಲಿ ಖಾರವಾಗಿಯೇ ಉತ್ತರ ಕೊಟ್ಟಿದ್ದರು. ಹಳ್ಳಿ ಎಂದರೆ ಅಜ್ಞಾನದ, ಸಣ್ಣತನದ, ಜಾತಿಯ ಗುಂಡಿ ಎಂಬುದು ಅವರ ಅನುಭವದ ಮಾತು. ಸಂವಿಧಾನದ ಘಟಕವಾಗಿ ಹಳ್ಳಿಯನ್ನು ಬಿಟ್ಟು ವ್ಯಕ್ತಿಯನ್ನು ಆರಿಸಿದ್ದಕ್ಕೆ ಅವರು ಸಂತೋಷಪಟ್ಟರು. ಆದರೂ 73ನೇ ತಿದ್ದುಪಡಿ ಬಂದು 1993ರಿಂದ ಪಂಚಾಯ್ತಿಗಳಿಗೆ ಸಂವಿಧಾನದ ಬಲ ಸಿಕ್ಕಿತು. ಅದರೊಂದಿಗೆ ನಮಗೆ ಮೀಸಲು ಸ್ಥಾನಗಳೂ ಬಂದವು. ಈ ಗುಂಡಿಯೊಳಗೆ ನಮಗೊಂದು ಏಣಿ ಸಿಕ್ಕಿದೆ. ಏಣಿ ಹತ್ತಿದವರಿಗೆ ಏನಾಯಿತು ಎಂಬುದನ್ನೂ ಮರೆಯಬಾರದು. ತಮಿಳುನಾಡಿನ ಮಧುರೈ ಜಿಲ್ಲೆಯ ಮೇಲವಳವು ಪಂಚಾಯ್ತಿ 1996ರಲ್ಲಿ ಮೀಸಲಾಯಿತು. ಅಧ್ಯಕ್ಷನಾಗಿ ಗೆದ್ದ ಮುರುಗೇಶನ್‌ರನ್ನು 1997ರ ಜೂನ್ 30ರಂದು, ಕಲೆಕ್ಟರ್ ಆಫೀಸಿನಿಂದ ವಾಪಸ್ ಬರುತ್ತಿದ್ದ ಬಸ್ಸು ನಿಲ್ಲಿಸಿ ಕೊಂದರು. ಅವರ ಜೊತೆ ಇನ್ನೂ ಐವರನ್ನು ಕೊಂದರು. ಅದೇ ಜಿಲ್ಲೆಯ ಪಾಪ್ಪಾಪಟ್ಟಿ, ಕೀರಿಪಟ್ಟಿಗಳಲ್ಲಿ 2006ರ ತನಕ ಚುನಾವಣೆಯೇ ಸರಿಯಾಗಿ ನಡೆಯಲು ಬಿಡಲಿಲ್ಲ. ಒಂದು ಕುರ್ಚಿ ಅಷ್ಟು ಭಯ ಹುಟ್ಟಿಸುತ್ತದೆ ಎಂದರೆ ಆ ಕುರ್ಚಿಯಲ್ಲಿ ಏನೋ ಶಕ್ತಿ ಇದೆ ಎಂದೇ ಅರ್ಥ.

ನಮ್ಮ ರಾಜ್ಯದ 1993ರ ಪಂಚಾಯತ್ ರಾಜ್ ಕಾಯಿದೆಯ ಪ್ರಕಾರ ಗ್ರಾಮಸಭೆ ಆರು ತಿಂಗಳಿಗೊಮ್ಮೆಯಾದರೂ ನಡೆಯಬೇಕು. ಅದಕ್ಕೂ ಕೆಳಗೆ ವಾರ್ಡ್ ಸಭೆ ಇದೆ. ಮತದಾರರ ಪಟ್ಟಿಯಲ್ಲಿ ಹೆಸರಿರುವ ಕೇರಿಯ ಪ್ರತಿಯೊಬ್ಬ ಗಂಡಸು ಹೆಂಗಸು ಅದರ ಸದಸ್ಯರು. ಯಾರ ಅಪ್ಪಣೆಯೂ ಬೇಕಿಲ್ಲ. ಇನ್ನೊಂದು ವಿಷಯ ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ಪ್ರತಿ ಗ್ರಾಮ ಪಂಚಾಯ್ತಿಯಲ್ಲೂ ‘ಸಾಮಾಜಿಕ ನ್ಯಾಯ ಸಮಿತಿ’ ಎಂಬ ಸ್ಥಾಯಿ ಸಮಿತಿ ಇರಬೇಕೆಂದು ಅದೇ ಕಾಯಿದೆ ಹೇಳುತ್ತದೆ. ಪರಿಶಿಷ್ಟರನ್ನು ಸಾಮಾಜಿಕ ಅನ್ಯಾಯದಿಂದ, ಶೋಷಣೆಯಿಂದ ಕಾಪಾಡುವುದು ಅದರ ಕೆಲಸ ಎಂದು ಕಾಯಿದೆಯಲ್ಲೇ ಬರೆದಿದೆ. ಈ ಸಮಿತಿ ನಿಮ್ಮ ಊರಲ್ಲಿ ಎಷ್ಟು ಸಲ ಸೇರಿದೆ? ಏನು ತೀರ್ಮಾನ ಮಾಡಿದೆ? ಹೋಗಿ ಕೇಳಿ. ಅನೇಕ ಕಡೆ ಅದು ರಿಜಿಸ್ಟರಿನಲ್ಲಿ ಮಾತ್ರ ಉಸಿರಾಡುತ್ತಿದೆ.

ಗ್ರಾಮಸಭೆಯಲ್ಲಿ ಸಾಮಾನ್ಯವಾಗಿ ಏನು ಮಾತು? ಮನೆ ಯಾರಿಗೆ, ಬೋರ್‌ವೆಲ್ ಎಲ್ಲಿಗೆ, ಚರಂಡಿ ಯಾವ ಬೀದಿಗೆ. ಇವೂ ಬೇಕು. ಆದರೆ ‘ನಮ್ಮೂರ ಹೋಟ್ಲಲ್ಲಿ ಎರಡು ಥರದ ಲೋಟ ಯಾಕೆ?’ ಎಂದು ಗ್ರಾಮಸಭೆಯಲ್ಲಿ ಕೇಳಿದವರು ಎಷ್ಟು ಜನ? ‘ಕ್ಷೌರದಂಗಡಿಯಲ್ಲಿ ನಮ್ಮ ಹುಡುಗರನ್ನು ಕೂರಿಸುವುದಿಲ್ಲ, ಇದನ್ನು ನಡಾವಳಿಯಲ್ಲಿ ಬರೆಯಿರಿ’ ಎಂದವರು ಎಷ್ಟು ಜನ? ಏಟಿಗೆ ಮುಂಚಿನ ಶಾಂತಿ ಸಭೆ ಅಂದರೆ ಇದೇ. ಬೆಂಕಿ ಬಿದ್ದ ಮೇಲೆ ಬಾವಿ ತೋಡುವುದಕ್ಕಿಂತ ಬೀಡಿ ತುಂಡು ಬಿದ್ದಾಗಲೇ ಕೂಗುವುದು ಮೇಲು.

ಕ್ಷೌರದಂಗಡಿ ಎಂದರೆ ನಗುವವರು ಕೊಪ್ಪಳ ಜಿಲ್ಲೆ ಗಂಗಾವತಿ ತಾಲ್ಲೂಕಿನ ಮರಕುಂಬಿಯನ್ನು ನೋಡಲಿ. ಅಲ್ಲಿ ಮಾತು ಶುರುವಾದದ್ದೇ ಕ್ಷೌರದಂಗಡಿ, ಹೋಟ್ಲುಗಳ ಪ್ರವೇಶದಿಂದ. 2014ರ ಆಗಸ್ಟಿನಲ್ಲಿ ಅದು ಕೇರಿಯ ಮೇಲಿನ ದಾಳಿಯಾಗಿ, ಗುಡಿಸಲಿಗೆ ಬೆಂಕಿಯಾಗಿ ಮುಗಿಯಿತು. ಆದರೆ ಇಲ್ಲಿ ಕಂಬಾಲಪಲ್ಲಿಯ ಕತೆ ಮರುಕಳಿಸಲಿಲ್ಲ. ಕೇಸು ಹತ್ತು ವರ್ಷ ನಡೆಯಿತು. 2024ರ ಅಕ್ಟೋಬರಿನಲ್ಲಿ ಕೊಪ್ಪಳದ ಕೋರ್ಟು 101 ಜನರನ್ನು ತಪ್ಪಿತಸ್ಥರೆಂದಿತು, 98 ಜನರಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ವಿಷಯ ಆಮೇಲೆ ಹೈಕೋರ್ಟಿಗೂ ಹೋಯಿತು. ನಾವು ಇದನ್ನು ಕೇಕೆ ಹಾಕಲು ಬರೆಯುತ್ತಿಲ್ಲ. 98 ಮನೆಗಳಲ್ಲೂ ಹೆಂಡತಿ ಮಕ್ಕಳು ಇದ್ದಾರೆ, ಅವರಲ್ಲಿ ಬಹುಮಂದಿ ಬಡವರೇ ಇರಬಹುದು. ನಾವು ಕೇಳುವುದು ಇಷ್ಟೆ: ಕುರ್ಚಿ ಮತ್ತು ಕತ್ತರಿಯ ಪ್ರಶ್ನೆಯನ್ನು ಬೆಂಕಿಗೆ ಮುಂಚೆಯೇ ಯಾವುದಾದರೂ ಸಭೆ ಬಗೆಹರಿಸಿದ್ದರೆ? ಒಬ್ಬ ಅಧಿಕಾರಿ ಹೋಗಿ, ಅಂಗಡಿ ತೆರೆಸಿ, ಕಾಯಿದೆ ಓದಿ ಹೇಳಿ, ಮುಚ್ಚಳಿಕೆ ಬರೆಸಿಕೊಂಡಿದ್ದರೆ? ಸುಟ್ಟ ಗುಡಿಸಲೂ ಇರುತ್ತಿರಲಿಲ್ಲ, ಜೈಲಿನ ಬಾಗಿಲೂ ಇರುತ್ತಿರಲಿಲ್ಲ. ನ್ಯಾಯವಿಲ್ಲದ ಶಾಂತಿ ಕೊನೆಗೆ ಊರಿನವರನ್ನೂ ಉಳಿಸುವುದಿಲ್ಲ.

ನಂಜನಗೂಡು ತಾಲ್ಲೂಕಿನ ಬದನವಾಳು ಇನ್ನೊಂದು ಪಾಠ. 1993ರಲ್ಲಿ ದೇವಸ್ಥಾನ ಪ್ರವೇಶದ ವಿಷಯ ಬೆಳೆದು ಮೂವರು ದಲಿತರ ಕೊಲೆಯಾಯಿತು. ಆಮೇಲೆ ಎರಡು ಬೀದಿಗಳನ್ನು ಕೂಡಿಸುವ ಒಂದು ರಸ್ತೆ ಓಡಾಟವಿಲ್ಲದೆ ಬಿದ್ದುಕೊಂಡಿತು. ಒಂದಲ್ಲ ಎರಡಲ್ಲ, ಇಪ್ಪತ್ತೊಂಬತ್ತು ವರ್ಷ. ಪೊಲೀಸರ ಲೆಕ್ಕದಲ್ಲಿ ಅವೂ ಶಾಂತಿಯ ವರ್ಷಗಳೇ ಇರಬೇಕು. 2022ರ ಅಕ್ಟೋಬರಿನಲ್ಲಿ ರಾಹುಲ್ ಗಾಂಧಿಯವರ ಪಾದಯಾತ್ರೆ ಬಂದಾಗ ಆ ರಸ್ತೆಗೆ ಕಲ್ಲು ಹಾಸಿದರು, ಎರಡೂ ಬೀದಿಯವರು ಒಟ್ಟಿಗೆ ಕೂತು ಉಂಡರು. ಸಂತೋಷ. ಆದರೆ ನಮ್ಮ ಪ್ರಶ್ನೆ ಪಕ್ಷದ್ದಲ್ಲ. ಊರೊಳಗಿನ ನಾಲ್ಕು ಹೆಜ್ಜೆ ರಸ್ತೆ ತೆರೆಯಲು ದೂರದಿಂದ ಯಾರೋ ನಡೆದು ಬರುವ ತನಕ ಕಾಯಬೇಕಾದರೆ, ಅಷ್ಟು ವರ್ಷ ಅಲ್ಲಿ ಸೇರಿದ ಸಭೆಗಳು ಏನು ಮಾಡಿದವು? ಒಂದು ಪೀಳಿಗೆಯ ಮಕ್ಕಳು ಆ ರಸ್ತೆ ಇದೆ ಎಂಬುದನ್ನೇ ಮರೆತು ಬೆಳೆದರು.

ಆದ್ದರಿಂದ ಮುಂದೆ ನಮ್ಮ ಊರಲ್ಲಿ ಶಾಂತಿ ಸಭೆ ಕರೆದರೆ ಹೋಗೋಣ. ಎಲ್ಲರೂ ಹೋಗೋಣ. ಹೆಂಗಸರನ್ನು ಗೋಡೆಯ ಮರೆಯಿಂದ ಮುಂದಕ್ಕೆ ಕೂರಿಸೋಣ. ಯಾಕೆಂದರೆ ನೀರಿನ ಅವಮಾನ, ಕೂಲಿಯ ಅವಮಾನ, ದಾರಿಯ ಅವಮಾನ ಮೊದಲು ಗೊತ್ತಾಗುವುದು ಅವರಿಗೆ. ಹೋಗಿ ಹೇಳಬೇಕಾದ್ದು ಇಷ್ಟು:

ಒಂದು. ನಮಗೂ ಶಾಂತಿ ಬೇಕು, ನಿಮಗಿಂತ ಹೆಚ್ಚು ಬೇಕು. ಆದರೆ ಕೇಸು ಬೇರೆ, ಶಾಂತಿ ಬೇರೆ. ದೌರ್ಜನ್ಯ ತಡೆ ಕಾಯಿದೆಯ ಕೇಸು ಪಂಚಾಯ್ತಿ ಕಟ್ಟೆಯಲ್ಲಿ ರಾಜಿ ಮಾಡಿ ಮುಗಿಸುವಂಥದ್ದಲ್ಲ. ಕೇಸು ಕೋರ್ಟಿನಲ್ಲಿ ನಡೆಯಲಿ, ಬದುಕು ಊರಿನಲ್ಲಿ ನಡೆಯಲಿ. ಓದಿ ಹೇಳದ ಯಾವ ಕಾಗದಕ್ಕೂ ನಮ್ಮವರು ಹೆಬ್ಬೆಟ್ಟು ಒತ್ತುವುದಿಲ್ಲ.

ಎರಡು. ಕೂಲಿ, ಅಂಗಡಿ, ಗಿರಣಿ, ಹಾಲಿನ ಡೇರಿ, ವಾಹನ, ಇವುಗಳಲ್ಲಿ ಯಾವುದನ್ನು ನಿಲ್ಲಿಸಿದರೂ ಅದು ಬಹಿಷ್ಕಾರ. 1989ರ ಕಾಯಿದೆಗೆ 2015ರಲ್ಲಿ ಆದ ತಿದ್ದುಪಡಿಯ ಪ್ರಕಾರ ಸಾಮಾಜಿಕ ಆರ್ಥಿಕ ಬಹಿಷ್ಕಾರ ಹಾಕುವುದೂ, ಹಾಕುತ್ತೇವೆ ಎಂದು ಬೆದರಿಸುವುದೂ ಅಪರಾಧ. ಇದನ್ನು ಸಭೆಯಲ್ಲಿ ಸಾಹೇಬರ ಬಾಯಿಂದಲೇ ಹೇಳಿಸಬೇಕು.

ಮೂರು. ನೀರು, ದಾರಿ, ಸ್ಮಶಾನ, ಹೋಟ್ಲು, ಕ್ಷೌರದಂಗಡಿ, ದೇವಸ್ಥಾನ. ಇವು ಎಲ್ಲರಿಗೂ ತೆರೆದಿವೆ ಎಂದು ಠರಾವು ಆಗಬೇಕು. ಠರಾವಾದ ಮೇಲೆ ಅದೇ ದಿನ ಅಧಿಕಾರಿಗಳ ಜೊತೆ ನಡೆದು ಹೋಗಿ ಬಳಸಬೇಕು. ಬಳಸದ ಠರಾವು ಮಹಾಡದ 1924ರ ಠರಾವಿನಂತೆ.

ನಾಲ್ಕು. ಸಾಕ್ಷಿ ಹೇಳುವವರ, ನೊಂದವರ ರಕ್ಷಣೆ ಸರ್ಕಾರದ ಹೊಣೆ ಎಂದು ಅದೇ ತಿದ್ದುಪಡಿ ಹೇಳುತ್ತದೆ. ಜಿಲ್ಲಾಧಿಕಾರಿ ಅಧ್ಯಕ್ಷರಾಗಿರುವ ಜಾಗೃತಿ ಸಮಿತಿ ಮೂರು ತಿಂಗಳಿಗೊಮ್ಮೆ ಸೇರಬೇಕು. ನಮ್ಮ ಊರಿನ ವಿಷಯ ಅಲ್ಲಿಗೆ ಹೋಗಲಿ. ಕರ್ತವ್ಯ ಬಿಟ್ಟ ಅಧಿಕಾರಿಗೂ ಆ ಕಾಯಿದೆಯಲ್ಲಿ ಶಿಕ್ಷೆ ಇದೆ ಎಂಬುದನ್ನು ವಿನಯವಾಗಿಯೇ ನೆನಪಿಸಬೇಕು.

ಐದು. ಇದೆಲ್ಲ ನಡಾವಳಿ ಪುಸ್ತಕದಲ್ಲಿ ಬರೆದಿರಬೇಕು. ಬರೆಯದ ಮಾತು ಜೀಪಿನ ಹೊಗೆಯ ಜೊತೆ ಹೋಗುತ್ತದೆ. ನಡಾವಳಿಯ ನಕಲು ಕೊಡದಿದ್ದರೆ 2005ರ ಮಾಹಿತಿ ಹಕ್ಕು ಕಾಯಿದೆ ಇದೆ, ಹತ್ತು ರೂಪಾಯಿಯ ಅರ್ಜಿ ಸಾಕು.

ಇಲ್ಲಿ ಹಾಸ್ಟೆಲಿನ ನಮ್ಮ ಕೆಲಸ ಬರುತ್ತದೆ. ಕೇರಿಯ ಹಿರಿಯರಿಗೆ ಧೈರ್ಯ ಇಲ್ಲ ಎಂದು ಹೀಯಾಳಿಸುವುದು ನಮ್ಮ ಕೆಲಸವಲ್ಲ. ಅವರ ಧೈರ್ಯ ನಮಗಿಂತ ದೊಡ್ಡದು. ಅವರು ಅಲ್ಲೇ ಇದ್ದು, ಅಲ್ಲೇ ದುಡಿದು, ನಮ್ಮನ್ನು ಇಲ್ಲಿಗೆ ಕಳಿಸಿದವರು. ಅವರಿಗೆ ಬೇಕಾದದ್ದು ಓದುವ ಕಣ್ಣು, ಬರೆಯುವ ಕೈ, ಪಕ್ಕದಲ್ಲಿ ಒಂದು ಹೆಗಲು. ರಜಕ್ಕೆ ಊರಿಗೆ ಹೋದಾಗ ಗ್ರಾಮಸಭೆಯ ನೋಟೀಸು ಯಾವಾಗ ಅಂಟಿಸುತ್ತಾರೆ ಎಂದು ನೋಡಿ. ಕೇರಿಯಲ್ಲಿ ಅದನ್ನು ಗಟ್ಟಿಯಾಗಿ ಓದಿ ಹೇಳಿ. ಹಿಂದಿನ ವರ್ಷದ ನಡಾವಳಿ ತೆಗೆಸಿ ನೋಡಿ. ಸಭೆಯಲ್ಲಿ ನೀವೇ ಭಾಷಣ ಮಾಡಬೇಡಿ. ಅವ್ವಂದಿರನ್ನು ಮಾತಾಡಿಸಿ, ನೀವು ಬರೆದುಕೊಳ್ಳಿ. ಕಾಲೇಜಿನ ಇಂಗ್ಲಿಷು, ಗ್ರಂಥಾಲಯದ ಕಾರ್ಲ್ ಮಾರ್ಕ್ಸು, ಕವಿಗೋಷ್ಠಿಯ ಚಪ್ಪಾಳೆ, ಎಲ್ಲವೂ ಒಳ್ಳೆಯದೇ. ಆದರೆ ನಾವು ಬರೆದ ಕವಿತೆಗಿಂತ ನಮ್ಮ ಅವ್ವ ಗ್ರಾಮಸಭೆಯಲ್ಲಿ ಎದ್ದು ಆಡಿದ, ನಡಾವಳಿಯಲ್ಲಿ ದಾಖಲಾದ ಒಂದು ಸಾಲು ಬಹಳ ದಿನ ಬಾಳುತ್ತದೆ.

ಇಷ್ಟು ಮಾಡಿದರೆ ಎಲ್ಲ ಸರಿಹೋಗುತ್ತದೆಯೇ? ಹೋಗುವುದಿಲ್ಲ. ಠರಾವು ರದ್ದಾಗಬಹುದು, ನಡಾವಳಿ ಕಳೆದುಹೋಗಬಹುದು, ಮಾತಾಡಿದವರ ಮೇಲೆ ಕಣ್ಣು ಬೀಳಬಹುದು. ಭೂಮಿ ಇಲ್ಲದವನಿಗೆ ಸಭೆಯ ಧೈರ್ಯ ಎಷ್ಟು ದಿನ ಇದ್ದೀತು ಎಂಬ ಪ್ರಶ್ನೆ ಹಾಗೆಯೇ ಉಳಿದಿದೆ. ಆದ್ದರಿಂದ ಭೂಮಿಯ ಹೋರಾಟ, ಕೂಲಿಯ ಹೋರಾಟ, ಓದಿನ ಹೋರಾಟ ಬಿಟ್ಟು ಬರೀ ಸಭೆಗಳನ್ನು ನಂಬಿ ಎಂದು ನಾವು ಹೇಳುತ್ತಿಲ್ಲ. ಆದರೆ ಊರಿನ ನಡುವೆ, ಎಲ್ಲರ ಮುಂದೆ, ಕೇರಿಯವರು ತಲೆ ಎತ್ತಿ ‘ನಮಗೂ ಶಾಂತಿ ಬೇಕು, ಅದರ ಬೆಲೆಯನ್ನು ಈ ಸಲ ನಾವೊಬ್ಬರೇ ಕೊಡುವುದಿಲ್ಲ’ ಎಂದು ಹೇಳಿದ ದಿನ ಆ ಊರು ಮೊದಲಿನ ಊರಾಗಿ ಉಳಿಯುವುದಿಲ್ಲ.

ಆ ಮಾತನ್ನು ಆಡಲು ಯಾರ ಅಪ್ಪಣೆಗೂ ಕಾಯಬೇಡಿ. ಮುಂದಿನ ಗ್ರಾಮಸಭೆಯ ತಾರೀಖು ಕೇಳಿಕೊಂಡು ಬನ್ನಿ.

ಜೈ ಭೀಮ್.